ಯಂತ್ರದ ಮೈಬಿಸಿ

ನಮ್ಮೂರಿನವರು ಬೆಳಿಗ್ಗೆ ಎದ್ದು ಮೊದಲು ನೋಡುವುದು ದೇವರ ಪಟವನ್ನಲ್ಲ, ಗಂಡನ ಮುಖವನ್ನಂತೂ ಅಲ್ಲವೇ ಅಲ್ಲ. ಪುರಸಭೆಯ ಗೋಪುರದ ಮೇಲಿನ ದೀಪವನ್ನು. ದೀಪ ಬೆಳ್ಳಗಿದ್ದರೆ ದಿಟದ ದಿನ. ಅವತ್ತು ಉಕ್ಕಿದ ಹಾಲು ಉಕ್ಕಿದ್ದೇ, ಬಾಯಿಂದ ಜಾರಿದ ಮಾತು ಜಾರಿದ್ದೇ. ದೀಪ ಹಸಿರಾಗಿದ್ದರೆ ತಾಲೀಮಿನ ದಿನ. ಅವತ್ತು ಏನೇ ಆದರೂ ಮರುದಿನ ಸೂರ್ಯ ಮೂಡುವಾಗ ಅಳಿಸಿಹೋಗಿರುತ್ತದೆ. ಒಡೆದ ಗಡಿಗೆ ಮೂಲೆಯಲ್ಲಿ ಇಡಿಯಾಗಿ ಕೂತಿರುತ್ತದೆ, ತಿಂದು ಮುಗಿಸಿದ ತುಪ್ಪ ಡಬ್ಬಿಯಲ್ಲಿ ಇರುತ್ತದೆ, ಸತ್ತವರು ತಮ್ಮ ಹಾಸಿಗೆಯಲ್ಲೇ ಎದ್ದು ಕೂತು ಚಹಾ ಆಯಿತೇನು ಎಂದು ಕೇಳುತ್ತಾರೆ. ನೆನಪು ಮಾತ್ರ ಉಳಿಯುತ್ತದೆ. ಅದೂ ಅಳಿಸಿಹೋಗುತ್ತಿದ್ದರೆ ನಮ್ಮೂರಿನ ಅತ್ತೆ ಸೊಸೆಯರು ಇನ್ನಷ್ಟು ಚೆನ್ನಾಗಿ ಬಾಳುತ್ತಿದ್ದರು.

ನನ್ನ ಹೆಸರು ಕಸ್ತೂರಿ, ಬಟ್ಟೆ ಹೊಲಿಯುತ್ತೇನೆ. ಹೊಸ ನಮೂನೆಯ ರವಿಕೆಯ ಕತ್ತನ್ನು ತಾಲೀಮಿನ ದಿನವೇ ಕತ್ತರಿಸಿ ನೋಡುತ್ತಿದ್ದೆ. ಕೆಟ್ಟರೆ ಕೆಡಲಿ, ಬೆಳಗಾದರೆ ಬಟ್ಟೆ ತಾನಾಗಿ ಕೂಡಿಕೊಂಡಿರುತ್ತದೆ. ಎಲ್ಲರೂ ಹೀಗೇ ತಮ್ಮ ತಮ್ಮ ಬದುಕಿಗೆ ತಾಲೀಮನ್ನು ಹೊಂದಿಸಿಕೊಂಡಿದ್ದರು. ಹುಡುಗರು ಹುಡುಗಿಯರ ಎದುರು ನಿಂತು ಮನಸ್ಸಿನ ಮಾತು ಹೇಳಿ ಬೈಸಿಕೊಂಡು ಬರುತ್ತಿದ್ದರು. ಅಣ್ಣತಮ್ಮಂದಿರು ಆಸ್ತಿ ಪಾಲಿನ ಜಗಳವನ್ನು ಪೂರ್ತಿ ಆಡಿ ನೋಡಿ, ಬೇಡ ಬಿಡು ಎಂದು ಮರುದಿನ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು. ಕೆಲವು ಗಂಡಸರು ಹೆಂಡತಿಗೆ ಹೊಡೆದು, ನಾಳೆ ಗಾಯ ಇರುವುದಿಲ್ಲ ಬಿಡು ಎನ್ನುತ್ತಿದ್ದರು. ಗಾಯ ಇರುತ್ತಿರಲಿಲ್ಲ, ಅದು ನಿಜ. ಆದರೆ ಆ ಮನೆಗಳಲ್ಲಿ ಬಡಿಸುವ ಕೈ ಹೇಗಿರುತ್ತಿತ್ತು ಎಂದು ನಾನು ನೋಡಿದ್ದೇನೆ.

ನನ್ನ ಗಂಡ ಮಾನಪ್ಪ ಬಡಿಗ. ಅವನ ಮೇಲೆ ದಿಟದ ದಿನವೇ ಒಂದು ತೊಲೆ ಬಿದ್ದು ಸೊಂಟ ಮುರಿದಿತ್ತು. ಮೂಳೆ ಕೂಡಿಸಿದರೂ ನೋವು ಹೋಗಲಿಲ್ಲ, ಕೂತರೂ ನೋವು, ನಿಂತರೂ ನೋವು. ಊರ ಹೊರಗೆ ಒಂದು ಹಳೇ ಕಲ್ಲುಗಣಿ ಇದೆ. ತಾಲೀಮಿನ ದಿನ ಗಿರಣಿಯ ಸೀಟಿ ಆದಮೇಲೆ ಗಂಡಸರು ಗುಂಪುಗೂಡಿ ಅಲ್ಲಿಗೆ ಹೋಗಿ ಅಂಚಿನಿಂದ ಹಾರುತ್ತಿದ್ದರು. ಮಿಕ್ಕವರು ಹಾರುತ್ತಿದ್ದದ್ದು ಮೀಸೆಯ ಜಂಬಕ್ಕೆ. ಮಾನಪ್ಪ ಹಾಗಲ್ಲ. ಹಾರಿದ ಮೇಲೆ ಕೆಳಗೆ ಮುಟ್ಟುವ ತನಕ ತನಗೆ ಸೊಂಟ ಎನ್ನುವುದೇ ಇರುವುದಿಲ್ಲ, ಅಷ್ಟು ಹೊತ್ತಿನ ಸುಖ ಸಾಕು ಎಂದು ಅವನು ನನಗೆ ಹೇಳಿದ್ದ. ನಾನು ಬೇಡ ಅನ್ನುವುದನ್ನು ಬಿಟ್ಟೆ. ಹಾರದೆ ಉಳಿದವರು ದೇಹಗಳನ್ನು ಗಾಡಿಯಲ್ಲಿ ಹಾಕಿ ಮನೆಮನೆಗೆ ಮುಟ್ಟಿಸುತ್ತಿದ್ದರು. ಹೊರಸಿನ ಮೇಲೆ ಮಲಗಿಸಿ ಚಾದರ ಹೊದಿಸಿ ನಾನು ಪಕ್ಕದಲ್ಲೇ ಹೊಲಿಗೆಗೆ ಕೂರುತ್ತಿದ್ದೆ. ಅಳುವ ಪದ್ಧತಿ ಇರಲಿಲ್ಲ. ಸೂರ್ಯ ಮೂಡುವ ಮುಂಚೆ ಯಾರಾದರೂ ಅತ್ತರೆ ಹೊಸದಾಗಿ ಸೊಸೆಯಾಗಿ ಬಂದವಳಿರಬೇಕು ಎಂದು ಜನ ನಗುತ್ತಿದ್ದರು.

ದೀಪ ಬರುವ ಮೊದಲು ಹೀಗಿರಲಿಲ್ಲ. ಇವತ್ತು ಯಾವ ದಿನ ಎನ್ನುವುದು ಮನುಷ್ಯರಿಗೆ ತಿಳಿಯುವುದೇ ಇಲ್ಲ. ಅದೇ ಬಿಸಿಲು, ಅದೇ ಕಾಗೆ, ಒಗ್ಗರಣೆಯ ಅದೇ ವಾಸನೆ. ಹಿಂದಿನವರು ಹಾಲಿಗೆ ಹೆಪ್ಪು ಹಾಕಿ ನೋಡಿದರು, ಕನಸು ಕೇಳಿದರು, ಉಪ್ಪನ್ನು ನಾಲಗೆಯ ಮೇಲಿಟ್ಟು ನೋಡಿದರು. ಎಲ್ಲ ಗುರುತುಗಳೂ ಒಂದಲ್ಲ ಒಂದು ದಿನ ಕೈಕೊಟ್ಟವು. ಹಾಗಾಗಿ ನಮ್ಮ ಅಜ್ಜಿಯ ಕಾಲದವರು ಎಲ್ಲ ದಿನವೂ ದಿಟವೇ ಎಂದುಕೊಂಡು ಮೈಯೆಲ್ಲ ಕಣ್ಣಾಗಿ ಬದುಕಿದರು. ದೀಪವನ್ನು ತಂದವಳು ನಮ್ಮ ಓಣಿಯ ಕೊನೆಯ ಮನೆಯ ಇಂದುಮತಿ.

ಇಂದುಮತಿ ಪುರಸಭೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಗಂಡ ಸತ್ತಿದ್ದ, ಮುಕ್ತಾ ಎಂಬ ಒಬ್ಬಳೇ ಮಗಳು. ಮಾತು ಕಡಿಮೆ, ಆದರೆ ತಲೆಯಲ್ಲಿ ಒಂದು ಹುಳ ಹೊಕ್ಕಿತೆಂದರೆ ಅದು ಹೊರಗೆ ಬರುವ ತನಕ ಊಟ ಸೇರುತ್ತಿರಲಿಲ್ಲ. ಅವಳ ಲೆಕ್ಕಾಚಾರ ಹೀಗಿತ್ತು. ತಾಲೀಮಿನ ದಿನವನ್ನು ಮಾಡುವವನು ಯಾರೋ, ಅವನು ಮನುಷ್ಯರ ಕಣ್ಣಿಗೆ ಬೀಳುವುದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದ್ದಾನೆ. ಯಂತ್ರದ ಒಳಗೆ ಕೂತು ಯಾರು ನೋಡುತ್ತಾರೆ ಎಂದು ಅಲ್ಲಿ ಮಾತ್ರ ಉದಾಸೀನ ಮಾಡಿರಬಹುದು. ಯಂತ್ರದೊಳಗೆ ಕೂರುವ ಪ್ರೋಗ್ರಾಮಿಗೆ ಕಣ್ಣಿಲ್ಲ, ಕಿಟಕಿಯಿಲ್ಲ. ತಾನೆಲ್ಲಿದ್ದೇನೆ ಎಂಬುದನ್ನು ಅದು ಕೇಳಿಯೇ ತಿಳಿಯಬೇಕು. ಅವಳು ಅಂಥದೊಂದು ಪ್ರೋಗ್ರಾಮು ಬರೆದು ದಿನವೂ ಅದರಿಂದ ಪ್ರಶ್ನೆ ಕೇಳಿಸಿದಳು. ಈ ಯಂತ್ರದ ಹೆಸರೇನು, ಗಡಿಯಾರ ಎಷ್ಟು ತೋರಿಸುತ್ತದೆ, ಒಳಗೆ ಎಷ್ಟು ಕಡತಗಳಿವೆ, ಪಕ್ಕದಲ್ಲಿ ಪ್ರಿಂಟರ್ ಇದೆಯೇ. ಕಾಗದದ ಮೇಲೆ ಬರೆದಿಟ್ಟದ್ದು ಅಳಿಸಿಹೋಗುತ್ತದಲ್ಲ, ಅದಕ್ಕೆ ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಮಲಗುತ್ತಿದ್ದಳು. ಬೆಳಗಾದ ಮೇಲೆ ನಿನ್ನೆಯದು ಯಾವ ದಿನವಾಗಿತ್ತೆಂದು ತಿಳಿದು ಉತ್ತರಗಳನ್ನು ಹೋಲಿಸಿದರೆ, ಎರಡೂ ಬಗೆಯ ದಿನ ಒಂದೇ ಉತ್ತರ. ಹೀಗೆ ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿತು.

ಕೊನೆಗೆ ಅವಳು ಯಂತ್ರದ ಮೈಬಿಸಿ ಕೇಳಿಸಿದಳು. ಯಂತ್ರದ ಎದೆಯಲ್ಲಿ ಒಂದು ಸಣ್ಣ ಚಿಪ್ಪು ಇರುತ್ತದಂತೆ, ಕೆಲಸ ಮಾಡಿದಷ್ಟೂ ಕಾಯುತ್ತದಂತೆ, ಎಷ್ಟು ಕಾದಿದ್ದೇನೆ ಎಂದು ಅದೇ ಹೇಳುತ್ತದಂತೆ. ದಿಟದ ದಿನ ಅದು ಜ್ವರ ಬಂದ ಮಗುವಿನ ಹಾಗೆ ಕಾದಿರುತ್ತಿತ್ತು. ತಾಲೀಮಿನ ದಿನ ಮಣ್ಣಿನ ಹರವಿಯ ನೀರಿನಷ್ಟು ತಣ್ಣಗಿನ ಅಂಕಿ ಹೇಳಿ, ಎಷ್ಟು ದುಡಿಸಿದರೂ ಸಂಜೆಯ ತನಕ ಅಲ್ಲೇ ಇರುತ್ತಿತ್ತು. ಆ ತಣ್ಣಗಿನ ಅಂಕಿ ಒಂದೊಂದು ಸಲ ಒಂದೊಂದು ಇರುತ್ತಿದ್ದರಿಂದ ಇಂದುಮತಿ ನಡುವೆ ಒಂದು ಗೆರೆ ಎಳೆದಳು. ಬಿಸಿ ಗೆರೆಗಿಂತ ಮೇಲಿದ್ದರೆ ದಿಟ, ಕೆಳಗಿದ್ದರೆ ತಾಲೀಮು. ಸೂರ್ಯ ಮೂಡಿದೊಡನೆ ಪ್ರೋಗ್ರಾಮು ಒಂದೇ ಸಲ ಕೇಳಿ, ಗೋಪುರದ ದೀಪವನ್ನು ಹೊತ್ತಿಸುತ್ತಿತ್ತು. ಸಂಜೆ ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಅದು ಆರುತ್ತಿತ್ತು. ಅಲ್ಲಿಂದಾಚೆ ದೀಪ ಒಂದು ದಿನವೂ ಸುಳ್ಳಾಡಲಿಲ್ಲ. ಜನ ಯಂತ್ರಕ್ಕೆ ಕುಂಕುಮ ಹಚ್ಚಿ ಹಾರ ಹಾಕಿದರು. ಕುಂಕುಮ ಒಳಗೆ ಹೋದರೆ ಕೆಡುತ್ತದೆ ಎಂದು ಇಂದುಮತಿ ಬೈದಳು. ಅವಳು ಮನೆಗೆ ಹೋಗುವ ತನಕ ಕಾದಿದ್ದು ಮತ್ತೆ ಹಚ್ಚಿದರು.

ಮುಕ್ತಾಳ ಎದೆಯಲ್ಲಿ ಹುಟ್ಟಿದಾಗಿನಿಂದ ತೂತಿತ್ತು. ಓಡಿದರೆ ತುಟಿ ನೀಲಿಯಾಗುತ್ತಿತ್ತು. ಆಮೇಲೆ ನಡೆದರೂ ಆಗತೊಡಗಿತು. ಆ ಬೇಸಿಗೆಯ ಹೊತ್ತಿಗೆ ಸುಮ್ಮನೆ ಕೂತರೂ ನೀಲಿ. ಊರಿನ ಆಸ್ಪತ್ರೆಯ, ಕುಬಸದ ಎಂಬ ಅಡ್ಡಹೆಸರಿನ ಡಾಕ್ಟರು ಆ ತೂತನ್ನು ಹೊಲಿಯಬಲ್ಲವರು. ನಾನು ಹೊಲಿಗೆಯವಳು, ಅವರು ಹಾಕುವ ಹೊಲಿಗೆಯ ಟಾಕಿಯನ್ನು ನೋಡಿದ್ದೇನೆ. ಅಂಥ ಕೈ ನನ್ನದಲ್ಲ. ಆದರೆ ಅವರ ಕೈ ನಡೆಯುತ್ತಿದ್ದದ್ದು ತಾಲೀಮಿನ ದಿನ ಮಾತ್ರ. ಹಿಂದೊಮ್ಮೆ ದಿಟದ ದಿನ ಅವರ ಚಾಕು ಜಾರಿ ಒಬ್ಬ ಬಾಣಂತಿ ತೀರಿಕೊಂಡಿದ್ದಳು. ಅಂದಿನಿಂದ ಬಿಳಿ ದೀಪ ಕಂಡರೆ ಅವರ ಬೆರಳು ನಡುಗಿ ಚೀಟಿ ಬರೆಯುವುದಕ್ಕೂ ಆಗುತ್ತಿರಲಿಲ್ಲ, ನರ್ಸಿನ ಕೈಯಿಂದ ಬರೆಸುತ್ತಿದ್ದರು. ಹಸಿರು ದೀಪದ ದಿನ ಅದೇ ಮನುಷ್ಯ ಗುನುಗುತ್ತ ಎದೆ ತೆರೆದು ಮುಚ್ಚುತ್ತಿದ್ದರು.

ಅವರು ಮುಕ್ತಾಳ ಮೇಲೆ ಹಲವು ಸಲ ತಾಲೀಮು ಮಾಡಿದರು. ತಾಲೀಮಿನ ದಿನ ಮನೆಯವರು ಮೇಜಿನ ಪಕ್ಕದಲ್ಲೇ ನಿಲ್ಲಬಹುದಿತ್ತು, ಇಂದುಮತಿ ನಿಂತಳು. ಮೊದಲ ಸಲಗಳಲ್ಲಿ ಮಗು ಮೇಜಿನ ಮೇಲೆಯೇ ಸತ್ತಿತು. ಹೆತ್ತ ಮಗಳ ಹೆಣವನ್ನು ಹೊತ್ತು ಮನೆಗೆ ಬಂದು, ಅಳಬಾರದೆಂದು ತುಟಿ ಕಚ್ಚಿ ಕೂತು, ಬೆಳಗಾದ ಮೇಲೆ ಅದೇ ಮಗಳಿಗೆ ಜಡೆ ಹಾಕುವ ತಾಯಿ ಹೇಗಿರುತ್ತಾಳೆ ಎಂದು ನನ್ನನ್ನು ಕೇಳಬೇಡಿ. ನಾನು ನೋಡಿದ್ದೇನೆ, ಹೇಳಲಾರೆ. ಬರಬರುತ್ತ ಡಾಕ್ಟರ ಕೈ ಪಳಗಿತು. ಮಗು ಸಂಜೆಗೆ ಕಣ್ಣು ತೆರೆಯಿತು, ತುಟಿ ಕೆಂಪಾಯಿತು. ಬೆಳಗಾದರೆ ಮತ್ತೆ ತೂತು, ಮತ್ತೆ ನೀಲಿ. ದಿಟದ ದಿನ ಮಾಡಿರೆಂದು ಇಂದುಮತಿ ಕಾಲು ಹಿಡಿದಳು.

“ಆಕಿನ್ನ ಉಳಿಸಿದ್ದು ಈ ಕೈ ಅಲ್ಲವ್ವಾ,” ಎಂದರಂತೆ ಡಾಕ್ಟರು. “ನಾಳೆ ಅಳಿಸಿ ಹೋಗತೈತಿ ಅನ್ನೂ ಧೈರ್ಯ ಉಳಿಸಿದ್ದು. ದಿಟದ ದಿನ ಈ ಕೈಯಾಗ ಚಾಕು ಕೊಟ್ರ ನಿಮ್ಮ ಮಗಳನ್ನ ನಾನ ಕೊಲ್ಲತೀನಿ.”

ಅದನ್ನು ಹೇಳಿಕೊಂಡು ಅವಳು ನನ್ನ ಹೊಲಿಗೆ ಮಷೀನಿನ ಪಕ್ಕ ಕೂತಿದ್ದಾಗ ನನ್ನ ಬಾಯಿಂದ ಒಂದು ಮಾತು ಬಂತು. ದೀಪ ನಿನ್ನ ಕೈಯಲ್ಲೇ ಇದೆಯಲ್ಲ, ಒಂದು ದಿನ ಬೆಳ್ಳಗಿನದನ್ನು ಹಸಿರು ಮಾಡಿದರೆ ಡಾಕ್ಟರಿಗೆ ಹೇಗೆ ಗೊತ್ತಾಗುತ್ತದೆ ಎಂದೆ. ಅವಳು, “ನಿನ್ನ ಗಂಡ ಗಣಿಗೆ ಹೋಗತಾನ, ಕಸ್ತೂರಿ,” ಎಂದಷ್ಟೇ ಹೇಳಿ ಎದ್ದು ಹೋದಳು. ನನಗೆ ನಾಚಿಕೆಯಾಯಿತು. ಅವಳೂ ಆ ಯೋಚನೆಯನ್ನು ನನಗಿಂತ ಮೊದಲೇ ಮಾಡಿ, ಮಾಡಿ, ಬದಿಗಿಟ್ಟಿದ್ದಳು ಎಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು.

ಬಿಸಿಲು ಆ ವರ್ಷ ಹಿಂದೆಂದೂ ಕಾಣದ ಹಾಗೆ ಬಿತ್ತು. ಯಂತ್ರದ ಕೋಣೆಯ ಪಂಖ ಸುಟ್ಟುಹೋಯಿತು. ಒಂದು ಬೆಳಿಗ್ಗೆ ಯಂತ್ರ ಸೆಖೆ ತಡೆಯದೆ ತಾನಾಗಿ ಬಂದ್ ಆಗಿ, ದೀಪ ಹತ್ತಲೇ ಇಲ್ಲ. ಊರಿಗೆ ಊರೇ ಹೆದರಿ ಬಾಗಿಲು ಹಾಕಿಕೊಂಡು ಕೂತಿತು, ಯಾರೂ ತರಕಾರಿ ಹೆಚ್ಚುವುದಕ್ಕೂ ಈಳಿಗೆ ಮುಟ್ಟಲಿಲ್ಲ. ಇಂದುಮತಿ ಅದನ್ನು ಸರಿಮಾಡಿದಳು. ಆದರೆ ಪುರಸಭೆಯ ಅಧ್ಯಕ್ಷರಿಗೆ ದಿಗಿಲು ಹೋಗಲಿಲ್ಲ. ಬರ್ಫಿನ, ಅಂದರೆ ಮಂಜುಗಡ್ಡೆಯ, ಫ್ಯಾಕ್ಟರಿಯ ಚನಮಲ್ಲಪ್ಪ, ಊರಿಗೆ ಇಷ್ಟು ಉಪಕಾರ ಮಾಡಿದ ಯಂತ್ರಕ್ಕೆ ತನ್ನದೊಂದು ಸೇವೆ ಇರಲಿ, ಬರ್ಫ್ ತಾನು ಕೊಡುತ್ತೇನೆ ಎಂದು ಮುಂದೆ ಬಂದ. ಅಂದು ಸಂಜೆ ಮುಕ್ತಾಳ ಉಸಿರು ಸಿಕ್ಕಿಕೊಂಡಿತ್ತು. ಇಂದುಮತಿ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದಳು. ಕೇಳೋಣವೆಂದರೆ ಅವಳಿಲ್ಲ, ಒಳ್ಳೆಯ ಕೆಲಸಕ್ಕೆ ಕೇಳುವುದೇನು ಎಂದುಕೊಂಡು ಜವಾನ ಯಮನೂರಪ್ಪನ ಕೈಯಿಂದ ಯಂತ್ರದ ಸುತ್ತ ಬರ್ಫಿನ ಗಡ್ಡೆಗಳನ್ನು ಜೋಡಿಸಿ, ಗೋಣಿಚೀಲ ಮುಚ್ಚಿ, ಊದಿನಕಡ್ಡಿ ಹಚ್ಚಿ ಬಾಗಿಲು ಎಳೆದುಕೊಂಡರು. ಸೂರ್ಯ ಮೂಡಿದೊಡನೆ ಪ್ರೋಗ್ರಾಮು ಮೈಬಿಸಿ ಕೇಳಿತು. ತಣ್ಣಗಿದ್ದೇನೆ ಎಂದಿತು ಯಂತ್ರ. ಗೋಪುರದ ಮೇಲೆ ಹಸಿರು ದೀಪ ಹತ್ತಿತು.

ಆಸ್ಪತ್ರೆಯ ಕಿಟಕಿಯಿಂದ ಇಂದುಮತಿಗೂ ಹಸಿರೇ ಕಂಡಿತು, ಎಲ್ಲರಂತೆ ಅವಳೂ ನಂಬಿದಳು. ಡಾಕ್ಟರು ಖುಷಿಯಿಂದ ಬಂದು, ಇನ್ನೊಂದು ತಾಲೀಮು ಆಗಿಬಿಡಲಿ ಎಂದು ಮಗುವನ್ನು ಒಳಗೆ ಕರೆದುಕೊಂಡು ಹೋದರು. ಮದ್ದು ಕೊಟ್ಟು ಮಲಗಿಸಿ ಎದೆ ತೆರೆಯುವುದಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಯಂತ್ರದ ಕಡೆ ಒಂದು ಕಣ್ಣು ಹಾಯಿಸಿ ಬರೋಣವೆಂದು ಅವಳು ಪುರಸಭೆಗೆ ಬಂದಳು. ಕೋಣೆಯ ಬಾಗಿಲಲ್ಲೇ ಕಾಲಿಗೆ ನೀರು ತಾಕಿತು. ಗೋಣಿಚೀಲ ಸರಿಸಿ ನೋಡಿದರೆ ಬರ್ಫ್ ಅರ್ಧ ಕರಗಿದೆ. ಪರದೆಯ ಮೇಲೆ ಮೈಬಿಸಿಯ ಅಂಕಿ ತಣ್ಣಗೆ ಕೂತಿತ್ತು. ಅವಳು ನೋಡುತ್ತಿದ್ದ ಹಾಗೇ ಅದು ಒಂದು ಮೆಟ್ಟಿಲು ಏರಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ತಾಲೀಮಿನ ದಿನ ಆ ಅಂಕಿ ಏರುವುದಿಲ್ಲ. ಅದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಊರಲ್ಲಿ ಯಾರೂ ಇರಲಿಲ್ಲ. ದಿಟದ ದಿನ ಹಸಿರು ದೀಪದ ಕೆಳಗೆ ನಡೆಯುತ್ತಿತ್ತು.

ಕೀಲಿಮಣೆಯ ಮೇಲೆ ಬೆರಳಿಟ್ಟೆ ಎಂದಳು ಅವಳು ಆಮೇಲೆ ನನಗೆ, ಅದನ್ನು ಬಚ್ಚಿಡಲಿಲ್ಲ. ಒಂದು ಸಲ ಒತ್ತಿದರೆ ಪ್ರೋಗ್ರಾಮು ಮತ್ತೆ ಕೇಳುತ್ತದೆ, ಅಂಕಿ ಇನ್ನೂ ಗೆರೆ ದಾಟಿಲ್ಲವಾದ್ದರಿಂದ ಮತ್ತೆ ಹಸಿರೇ ಎನ್ನುತ್ತದೆ. ಆದರೆ ದೀಪವನ್ನು ಕೈಯಾರೆ ಬಿಳಿ ಮಾಡಬಹುದು, ಅದಕ್ಕೂ ಒಂದು ಗುಂಡಿ ಇತ್ತು. ಗಿರಣಿಯ ಸೀಟಿ ಇನ್ನೂ ಆಗಿರಲಿಲ್ಲ. ಗಂಡಸರು ಇನ್ನೂ ಮನೆಗಳಲ್ಲಿ ರೊಟ್ಟಿ ತಿನ್ನುತ್ತಿದ್ದರು. ಆದರೆ ಆಸ್ಪತ್ರೆಯ ಕಿಟಕಿ ಗೋಪುರದ ಕಡೆಗೇ ಇತ್ತು. ಚಾಕು ಆಗಲೇ ಮಗಳ ಎದೆಯೊಳಗೆ ಇತ್ತು. ದೀಪ ಬಿಳಿಯಾಯಿತೆಂದರೆ ಆ ಕೈ ನಡುಗುತ್ತದೆ, ಎದೆ ತೆರೆದುಕೊಂಡೇ ಮುಕ್ತಾ ಸಾಯುತ್ತಾಳೆ, ಬೆಳಗಾದರೆ ಏಳುವುದಿಲ್ಲ. ಹಸಿರೇ ಉಳಿದರೆ, ಅವಳು ಎಂದೂ ಮಾಡಲಾರೆ ಎಂದುಕೊಂಡಿದ್ದ ಕೆಲಸವನ್ನು ಬರ್ಫಿನ ಗಡ್ಡೆಗಳು ಮಾಡಿಕೊಟ್ಟ ಹಾಗೆ. ಅವಳು ಸುಮ್ಮನಿದ್ದರೆ ಸಾಕು.

ಅಷ್ಟರಲ್ಲಿ ಯಮನೂರಪ್ಪ ಬಾಗಿಲಿಗೆ ಬಂದ. ನೀರು ನೋಡಿ ಗಾಬರಿಯಾಗಿ, ಏನಾದರೂ ಕೆಟ್ಟಿತೇನು, ಮತ್ತೊಮ್ಮೆ ಚಾಲೂ ಮಾಡಬೇಕೇನು ಎಂದು ಕೇಳಿದ.

“ಏನೂ ಕೆಟ್ಟಿಲ್ಲ,” ಎಂದಳು ಇಂದುಮತಿ. “ಇವತ್ತ ತಾಲೀಮ ಐತಿ. ದೀಪ ಹಂಗ ಇರಲಿ. ನಾ ಬರೂತನಕ ಯಾರನ್ನೂ ಒಳಗ ಬಿಡಬ್ಯಾಡ.”

ಅಲ್ಲಿಂದ ಆಸ್ಪತ್ರೆಗೆ ಹತ್ತಿರದ ದಾರಿ ನಮ್ಮ ಓಣಿಯಲ್ಲೇ ಹಾಯುತ್ತದೆ. ನಾನು ಕಟ್ಟೆಯ ಮೇಲೆ ಕೂತು ಗುಂಡಿ ಹಚ್ಚುತ್ತಿದ್ದೆ. ಮಾನಪ್ಪ ಪಕ್ಕದಲ್ಲಿ ತಲೆಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಹಾರುವ ದಿನ ಅವನು ಮದುವೆಗೆ ಹೊರಟವನ ಹಾಗೆ ಸಿಂಗಾರ ಮಾಡಿಕೊಳ್ಳುತ್ತಿದ್ದ, ನಾನು ಅದಕ್ಕೆ ಅಣಕಿಸುತ್ತಿದ್ದೆ. ಇಂದುಮತಿ ನಮ್ಮೆದುರು ಬಂದವಳು ನಿಂತುಬಿಟ್ಟಳು. ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಮಗಳ ಚಿಂತೆ ಇರಬೇಕೆಂದುಕೊಂಡು ನಾನು ಮುಕ್ತಾ ಹೇಗಿದ್ದಾಳೆ ಎಂದು ಕೇಳಿದೆ. ಅವಳು ಮಾನಪ್ಪನನ್ನೇ ನೋಡುತ್ತಿದ್ದಳು.

“ಬಿಸಲ ಭಾಳ ಐತಿ ಮಾನಪ್ಪಣ್ಣ,” ಎಂದಳು. “ಇವತ್ತ ಮನ್ಯಾಗ ಇರಬಾರದೇನು?”

ಮಾನಪ್ಪ ನಕ್ಕ. ಬಿಸಿಲೂ ನಾಳೆ ಅಳಿಸಿಹೋಗುತ್ತದೆ, ಮೈ ಕಪ್ಪಾಗುವ ಭಯ ತನಗಿಲ್ಲ ಎಂದ. ಅವಳ ಬಾಯಿ ಇನ್ನೊಮ್ಮೆ ತೆರೆಯಿತು. ಆಮೇಲೆ ಸೆರಗು ಎಳೆದುಕೊಂಡು ಬಿರಬಿರನೆ ಹೋದಳು. ಅವಳು ಓಣಿಯ ತಿರುವು ದಾಟುವ ಹೊತ್ತಿಗೆ ಗಿರಣಿಯ ಸೀಟಿ ಆಯಿತು. ಮಾನಪ್ಪ ಕೋಲು ಊರಿಕೊಂಡು ಎದ್ದ. ಸಂಜೆಗೆ ಮಾವಿನಕಾಯಿ ಸಾರು ಮಾಡು ಎಂದ, ತಾನು ಉಣ್ಣುವುದಿಲ್ಲವೆಂದು ನೆನಪಾಗಿ, ನಾಳೆಗೆ ಮಾಡು ಎಂದು ತಿದ್ದಿಕೊಂಡ. ಹಾಳಾದವನೇ, ಹೋಗು ಎಂದೆ ನಾನು.

ಆಸ್ಪತ್ರೆಯಲ್ಲಿ ಇಂದುಮತಿ ಕೈ ತೊಳೆದು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮೇಜಿನ ಪಕ್ಕ ಹೋಗಿ ನಿಂತಳು. ಡಾಕ್ಟರು ಗುನುಗುತ್ತಿದ್ದರು. ಸೂಜಿ ಹಿಡಿದ ಬೆರಳು ನೀರಿನಲ್ಲಿ ಮೀನು ಸರಿದಾಡಿದ ಹಾಗೆ ಸರಿದಾಡುತ್ತಿತ್ತು. ಅರ್ಧ ತೂತು ಮುಚ್ಚಿದ ಮೇಲೆ ಅವರು ಕೈ ನಿಲ್ಲಿಸಿದರು. ಇಷ್ಟು ದಿನ ಹೊರಗಿನಿಂದ ಹೊಲಿದದ್ದಾಯಿತು, ಇವತ್ತು ಹೇಗೂ ತಾಲೀಮು, ಈ ದಾರವನ್ನು ಕತ್ತರಿಸಿ ಒಳಗಡೆಯಿಂದ ಹೊಲಿದರೆ ರಕ್ತ ಎಷ್ಟು ಹೊತ್ತು ತಡೆಯುತ್ತದೆ ನೋಡೋಣ ಎಂದರು. ನರ್ಸ್ ಕತ್ತರಿ ಎತ್ತಿಕೊಟ್ಟಳು. ಹೆದರಿದ ದನಿ ಹೊರಬಿದ್ದರೂ ಕೆಟ್ಟಿತು, ಸುಮ್ಮನಿದ್ದರೂ ಕೆಟ್ಟಿತು. ಇಂದುಮತಿ ಬೇಸರದವಳ ಹಾಗೆ ದನಿ ಎಳೆದು ಮಾತಾಡಿದಳು.

“ಹೊಸಾದ್ದು ಮತ್ತೊಂದ ದಿನ ನೋಡೂಣ್ರಿ. ಇವತ್ತ ಗೊತ್ತಿದ್ದ ದಾರೀಲೆ ಪೂರ್ತಿ ಮಾಡ್ರಿ. ಆಕಿ ಸಾಯೂದು ನೋಡಿ ನೋಡಿ ಸಾಕಾಗೇತಿ. ಒಂದ ಸಂಜಿಕರೆ ಆಕಿ ನಗೂದ ನೋಡತೀನಿ.”

ಡಾಕ್ಟರು ಅವಳನ್ನು ನೋಡಿದರು. ಪಾಪ ಎನಿಸಿರಬೇಕು. ಆಯಿತು ಬಿಡವ್ವಾ ಎಂದು ಕತ್ತರಿ ಕೆಳಗಿಟ್ಟು, ಮತ್ತೆ ಗುನುಗಿಕೊಂಡು ಕೊನೆಯ ಟಾಕಿಯ ತನಕ ಹೊಲಿದರು. ಆ ಹೊತ್ತಿನಲ್ಲೇ ಎಲ್ಲೋ ದೂರದಿಂದ ಗಣಿಯ ಕಡೆಯ ಕೇಕೆ ಕಿಟಕಿಯೊಳಗೆ ಬಂತು. ಇಂದುಮತಿಗೆ ಅದು ಕೇಳಿಸಿತು. ಅವಳು ಮಗಳ ಎದೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.

ಹೊತ್ತು ಇಳಿಯುವ ತನಕ ಅವಳು ಅಲ್ಲಿಂದ ಕದಲಲಿಲ್ಲ. ಮಗು ಕಣ್ಣು ತೆರೆಯುವ ತನಕ ಡಾಕ್ಟರ ಕೈ ಇನ್ನೂ ಬೇಕಿತ್ತು, ಕೊಳವೆ ತೆಗೆಯಬೇಕಿತ್ತು, ನಾಡಿ ನೋಡಬೇಕಿತ್ತು. ಕಿಟಕಿಯಾಚೆ ದೀಪ ಹಸಿರಾಗಿ ಉರಿಯುತ್ತಲೇ ಇತ್ತು. ಮುಕ್ತಾ ಎಚ್ಚರಗೊಂಡಳು, ನೀರು ಕೇಳಿದಳು, ತುಟಿ ಕೆಂಪಾಗಿತ್ತು. ಡಾಕ್ಟರು ಕೈಗವಸು ಕಳಚುತ್ತ, ಇಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ, ಬೆಳಗಾದರೆ ಹೋಗುತ್ತದಲ್ಲ ಎಂಬುದೇ ಬೇಜಾರು ಎಂದರು. ಆಗ ಇಂದುಮತಿ ಹೇಳಿದಳು. ಡಾಕ್ಟರು ತಮ್ಮ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡರು. ಅವು ಆಗ ನಡುಗತೊಡಗಿದವು. ನರ್ಸ್ ಅವರನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಬೇಕಾಯಿತು.

ನಮ್ಮ ಮನೆಗೆ ಮಾನಪ್ಪ ಮಧ್ಯಾಹ್ನವೇ ಗಾಡಿಯಲ್ಲಿ ಬಂದಿದ್ದ. ನಾನು ಎಂದಿನ ಹಾಗೆ ಹೊರಸಿನ ಮೇಲೆ ಮಲಗಿಸಿ ಚಾದರ ಹೊದಿಸಿದ್ದೆ. ತಂದವರು ನಗುತ್ತಲೇ, ಇವತ್ತು ಮಾನಪ್ಪಣ್ಣ ಎಲ್ಲರಿಗಿಂತ ಮೊದಲು ಹಾರಿದ ಎಂದು ಹೇಳಿ ಹೋಗಿದ್ದರು. ದೀಪ ಹಚ್ಚುವ ಹೊತ್ತಾಗಿತ್ತು. ನಾನು ಮಾವಿನಕಾಯಿ ಸಿಪ್ಪೆ ಹೆರೆಯುತ್ತಿದ್ದೆ. ಗೋಪುರದ ದೀಪ ಆರಿತು. ಓಣಿಯಲ್ಲಿ ಮಕ್ಕಳು ಕೂಗಾಡುತ್ತಿದ್ದವು, ಯಾರದೋ ಮನೆಯಲ್ಲಿ ಹಪ್ಪಳ ಕರಿಯುತ್ತಿದ್ದರು. ಇಂದುಮತಿ ಒಳಗೆ ಬಂದು ಹೊರಸಿನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಚಾದರದ ಅಂಚು ಹಿಡಿದುಕೊಂಡಳು.

“ಕಸ್ತೂರಿ, ಅತ್ತಬಿಡು,” ಎಂದಳು. “ಸೂರ್ಯನ ದಾರಿ ನೋಡಬ್ಯಾಡ. ಇವತ್ತ ದಿಟದ ದಿನ.”

ಆಮೇಲೆ ಎಲ್ಲವನ್ನೂ ಹೇಳಿದಳು. ಬರ್ಫು, ಏರಿದ ಅಂಕಿ, ಗುಂಡಿಯ ಮೇಲಿಟ್ಟ ಬೆರಳು, ಯಮನೂರಪ್ಪನಿಗೆ ಹೇಳಿದ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಅವತ್ತಿನ ಸಂಗತಿಯಲ್ಲಿ ಕಣ್ಣಾರೆ ಕಾಣದೆ ನಾನು ನಿಮಗೆ ಹೇಳಿದ್ದೆಲ್ಲ ಅವಳು ಆ ಹೊತ್ತಿನಲ್ಲಿ ನನಗೆ ಹೇಳಿದ್ದೇ. ನನ್ನ ಕೈಯಲ್ಲಿ ಮಾವಿನಕಾಯಿ ಹಾಗೇ ಇತ್ತು.

“ನಿನಗ ಯಾವಾಗ ಗೊತ್ತಾತು?” ಎಂದೆ.

“ಸೀಟಿ ಆಗೂ ಮೊದಲ.”

“ಇಂವಾ ಸೀಟಿ ಆದಮ್ಯಾಲ ಹೋದ.”

“ಹೌದು. ನಾ ನೋಡೀನಿ.”

ಅವಳ ಜುಟ್ಟು ಹಿಡಿದು ಎಳೆಯಬೇಕು ಎನಿಸಿತು. ಈಳಿಗೆಯೂ ಕಣ್ಣಿಗೆ ಬಿತ್ತು, ಅದನ್ನೂ ಹೇಳಿಬಿಡುತ್ತೇನೆ. ಆದರೆ ಬಾಯಿಂದ ಬಂದದ್ದು ಬೇರೆಯೇ. ಮುಕ್ತಾ ಏನಾದಳು ಎಂದು ಕೇಳಿದೆ. ಉಳಿದಳು ಎಂದಳು. ಚಲೋ ಆತು ಎಂದೆ. ಅಕ್ಕಪಕ್ಕದ ಮನೆಯವರು ಅನ್ನುವ ಮಾತು ಅದು, ನಾಲಗೆಗೆ ರೂಢಿಯಾದದ್ದು. ಅಂದ ಮೇಲೆ ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಅವಳ ಮೇಲೆ ನನಗಿದ್ದ ದ್ವೇಷ ಅವತ್ತಿಗೂ ಸುಳ್ಳಲ್ಲ, ಇವತ್ತಿಗೂ ಸುಳ್ಳಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಗುಂಡಿ ಒತ್ತುತ್ತಿದ್ದೆ ಎಂದು ಹೇಳುವ ಧೈರ್ಯವೂ ನನಗಿಲ್ಲ.

ಅವಳು ಎದ್ದು ನಿಂತು, ಇನ್ನು ಯಾರ‍್ಯಾರ ಮನೆಗೆ ಗಾಡಿ ಹೋಯಿತು ಎಂದು ಕೇಳಿದಳು. ಗೌಂಡಿ ರಾಚಪ್ಪನ ಮನೆ, ಬಳೆಗಾರರ ಮನೆ, ಊರಬಾಗಿಲ ಅಗಸಿಯ ಪಕ್ಕದ ಕಮ್ಮಾರರ ಮನೆ ಎಂದು ನಾನು ಹೇಳಿದೆ. ಕಮ್ಮಾರರು ಮುಂಗೋಪಿಗಳು, ಹೋದ ಮಗ ಮನೆಗೆ ಒಬ್ಬನೇ, ಅಲ್ಲಿಗೆ ಹೋದರೆ ನಿನ್ನನ್ನು ಜೀವಸಹಿತ ಬಿಡಲಾರರು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅವಳಿಗೂ ಅದು ಗೊತ್ತಿತ್ತು. ತಾನು ಇಲ್ಲದಿದ್ದರೆ ಮುಕ್ತಾಳನ್ನು ನೋಡಿಕೋ ಎಂದು ಕೇಳುವುದಕ್ಕೆ ಬಾಯಿ ತೆರೆದವಳು, ಹೊರಸಿನ ಕಡೆ ನೋಡಿ, ಕೇಳದೆ ಹೋದಳು.

ಸ್ವಲ್ಪ ಹೊತ್ತಿಗೆ ರಾಚಪ್ಪನ ಮನೆಯಿಂದ ಅವನ ಹೆಂಡತಿಯ ನಗು ಕೇಳಿಸಿತು; ನಂಬಿರಲಿಕ್ಕಿಲ್ಲ. ಆಮೇಲೆ ನಗು ನಿಂತಿತು. ಆಮೇಲೆ ಅಳು. ಓಣಿಯ ಮಕ್ಕಳು ಕೂಗಾಟ ನಿಲ್ಲಿಸಿದವು. ಹಸಿರು ದೀಪದ ದಿನ ಸೂರ್ಯ ಮೂಡುವ ಮುಂಚೆ ಅಳುವುದನ್ನು ಅವು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಇನ್ನಷ್ಟು ಹೊತ್ತಿಗೆ ಬಳೆಗಾರರ ಮನೆಯಲ್ಲಿ ಶುರುವಾಯಿತು. ಅಳು ಒಂದೊಂದೇ ಮನೆ ದಾಟಿ ಅಗಸಿಯ ಕಡೆಗೆ ಹೋಗುತ್ತಿತ್ತು. ಅವಳು ಎಲ್ಲಿದ್ದಾಳೆ ಎಂದು ಕೂತಲ್ಲಿಂದಲೇ ತಿಳಿಯುತ್ತಿತ್ತು.

ನಾನು ಮಾವಿನಕಾಯಿ ಕೆಳಗಿಟ್ಟು ಎದ್ದೆ. ತಾಲೀಮಿನ ದಿನ ಸತ್ತವರಿಗೆ ಯಾವ ಶಾಸ್ತ್ರವನ್ನೂ ಮಾಡುತ್ತಿರಲಿಲ್ಲ, ಆದ್ದರಿಂದ ಮಧ್ಯಾಹ್ನದಿಂದ ಅವನನ್ನು ಹೇಗೆ ತಂದಿಟ್ಟರೋ ಹಾಗೇ ಸೊಟ್ಟಗೆ ಬಿದ್ದಿದ್ದ. ಚಾದರ ತೆಗೆದು ಸೊಂಟ ನೆಟ್ಟಗೆ ಮಾಡಿದೆ. ಹೊಲಿಯಲು ಇಟ್ಟಿದ್ದ ಬಟ್ಟೆಯಿಂದ ಒಂದು ಪಟ್ಟಿ ಕತ್ತರಿಸಿ, ಅವನ ಎರಡೂ ಕಾಲಿನ ಹೆಬ್ಬೆರಳು ಕೂಡಿಸಿ ಕಟ್ಟಿದೆ.